ಮಾವನ ಫೈಲು

ಮೊನ್ನೆ ಬುಧವಾರ ಬಾಗೇಪಲ್ಲಿ ಕಡೆಯಿಂದ ಒಬ್ರು ಅಮ್ಮ ನಮ್ಮ ಅಂಗಡಿಗೆ ಬಂದ್ರು, ಜೊತೆಗೆ ಹೈಸ್ಕೂಲು ಓದೋ ಮಗಳು, ಕೈಯಲ್ಲಿ ಬಟ್ಟೆ ಅಂಗಡಿ ಕವರು, ಅದರೊಳಗೆ ಗಂಡನ ಕೇಸಿನ ಪೇಪರುಗಳು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ಜೈಲಿಂದ ಬಿಡ್ಸೋ ಅರ್ಜಿ ಬರ್ಕೊಡೋದು ನೀನೇನಾ ತಾಯಿ ಅಂತ ಕೇಳಿದ್ರು. ನಂದು ಚಿಕ್ಕಬಳ್ಳಾಪುರದಲ್ಲಿ ಒಂದು ಸಣ್ಣ ಟೈಪಿಂಗ್, ಜೆರಾಕ್ಸ್ ಅಂಗಡಿ ಅಷ್ಟೇ, ಪಹಣಿ, ಜಾತಿ ಪ್ರಮಾಣಪತ್ರ, ಬಾಡಿಗೆ ಕರಾರು ಇಂಥವೇ ಕೆಲಸ. ನಾನು ಲಾಯರ್ ಅಲ್ಲ. ಆದ್ರೂ ಈ ಎರಡು ವರ್ಷದಲ್ಲಿ ಹೀಗೆ ಕವರ್ ಹಿಡ್ಕೊಂಡು ಬಂದೋರು ಇವರು ಏಳನೆಯವರು, ಯಾರು ಯಾರಿಗೆ ಹೇಳಿರ್ತಾರೋ ಗೊತ್ತಿಲ್ಲ, ಜೈಲಿನ ಸಂದರ್ಶನದ ಸಾಲಲ್ಲಿ ನಿಂತಾಗ ಒಬ್ರಿಂದ ಒಬ್ಬರಿಗೆ ಹೋಗಿರತ್ತೆ. ಎಲ್ಲಾ ಶುರುವಾಗಿದ್ದು ನಮ್ಮ ಮಾವನ ಫೈಲಿಂದ. ಅದನ್ನ ಒಂದ್ಸಲ ಪೂರ್ತಿ ಬರೆದಿಡೋಣ ಅಂತ ಕೂತಿದೀನಿ.

ಮಾವ ಅಂದ್ರೆ ನಮ್ಮಮ್ಮನ ತಮ್ಮ. ಊರು ಶಿಡ್ಲಘಟ್ಟ ತಾಲ್ಲೂಕು, ರೇಷ್ಮೆ ಬಿಟ್ರೆ ಬೇರೆ ಬದುಕಿಲ್ಲದ ಊರು. 2006ರ ಜನವರೀಲಿ ಪಕ್ಕದ ಹೊಲದವರ ಜೊತೆ ಬೋರ್‌ವೆಲ್ ಪೈಪು ಬದುವಿನ ಮೇಲೆ ಹೋಗೋ ವಿಚಾರಕ್ಕೆ ಜಗಳ ಆಯ್ತು. ಮೊದಲೂ ಎಷ್ಟೋ ಸಲ ಆಗಿತ್ತು, ಆ ದಿನ ಮಾವನ ಕೈಯಲ್ಲಿ ಸನಿಕೆ ಇತ್ತು. ಆ ಮನುಷ್ಯ ಆಸ್ಪತ್ರೆಗೆ ಹೋಗೋ ದಾರೀಲೇ ತೀರ್ಕೊಂಡ್ರು. ಅವರಿಗೆ ಇಬ್ರು ಮಕ್ಕಳು, ದೊಡ್ಡೋಳು ನಮ್ಮ ಸ್ಕೂಲಲ್ಲೇ ನನಗಿಂತ ಒಂದು ಕ್ಲಾಸ್ ಕೆಳಗೆ. ನಾನಾಗ ಐದನೇ ಕ್ಲಾಸು. ಮಾವ ಮಾಡಿದ್ದು ತಪ್ಪಲ್ಲ ಅಂತ ನಾನು ಎಲ್ಲೂ ಹೇಳಿಲ್ಲ, ಹೇಳೋದೂ ಇಲ್ಲ, ಅವರೂ ಹೇಳಲ್ಲ. 2008ರಲ್ಲಿ ಜೀವಾವಧಿ ಶಿಕ್ಷೆ ಆಯ್ತು, ಹೈಕೋರ್ಟಲ್ಲಿ ಅಪೀಲು ಹೋಗಿ ಅಲ್ಲೂ ಅದೇ ಖಾಯಂ ಆಯ್ತು. ಅತ್ತೆ ಮಗೂನ ಎತ್ಕೊಂಡು ತವರಿಗೆ ಹೋದ್ರು. ಪರಪ್ಪನ ಅಗ್ರಹಾರಕ್ಕೆ ತಿಂಗಳಿಗೋ ಎರಡು ತಿಂಗಳಿಗೋ ಒಂದ್ಸಲ ಅಮ್ಮ ಒಬ್ಳೇ ಹೋಗಿ ಬರ್ತಿದ್ಳು, ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟೋ ವಾರ ಬಂತು ಅಂದ್ರೆ ಅದೂ ಇಲ್ಲ.

ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಜೀವಾವಧಿ ಅಂದ್ರೆ ಹದಿನಾಲ್ಕು ವರ್ಷ, ಆಮೇಲೆ ಬಿಟ್ಟುಬಿಡ್ತಾರೆ. ಕೆಲವರಂತೂ ಹಗಲು ಒಂದು ದಿನ ರಾತ್ರಿ ಒಂದು ದಿನ ಅಂತ ಲೆಕ್ಕ ಹಿಡೀತಾರೆ, ಏಳೇ ವರ್ಷಕ್ಕೆ ಬರ್ತಾನೆ ಬಿಡು ಅಂತ ಅಮ್ಮಂಗೆ ಸಮಾಧಾನ ಹೇಳಿದೋರೂ ಇದ್ರು. ಅಮ್ಮ ಅದನ್ನ ನಂಬ್ಕೊಂಡು 2013ನೇ ಇಸವಿ ಪೂರ್ತಿ ಕಾದಿದ್ಳು, ನೆನೆಸ್ಕೊಂಡ್ರೆ ಇವತ್ತೂ ಹೊಟ್ಟೆ ಕಿವುಚ್ದಂಗಾಗತ್ತೆ. ಹಗಲು ರಾತ್ರಿ ಲೆಕ್ಕ ಅನ್ನೋದು ಎಲ್ಲೂ ಇಲ್ಲ. ಹದಿನಾಲ್ಕು ವರ್ಷಕ್ಕೆ ತಾನಾಗೇ ಬಾಗಿಲು ತೆಗೆಯತ್ತೆ ಅನ್ನೋದೂ ಸುಳ್ಳು. ಜೀವಾವಧಿ ಅಂದ್ರೆ ಜೀವ ಇರೋವರೆಗೂ, 1961ರಲ್ಲೇ ಗಾಂಧೀಜಿ ಕೊಲೆ ಕೇಸಿನ ಗೋಪಾಲ್ ಗೋಡ್ಸೆ ಅರ್ಜೀಲಿ ಸುಪ್ರೀಂ ಕೋರ್ಟ್ ಅದನ್ನ ಬಿಡಿಸಿ ಹೇಳಿದೆ. ಈ ಹದಿನಾಲ್ಕು ಬಂದಿರೋದು ಬೇರೆ ಕಡೆಯಿಂದ. 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 433ಎ ಅಂತ ಒಂದು ಕಲಂ ಸೇರಿಸಿದ್ರು, ಮರಣದಂಡನೆಗೂ ಅವಕಾಶ ಇರೋ ಅಪರಾಧಕ್ಕೆ ಜೀವಾವಧಿ ಆಗಿದ್ರೆ ಕನಿಷ್ಠ 14 ವರ್ಷ ಜೈಲಲ್ಲಿ ಕಳೆದಿರಲೇಬೇಕು, ಅದಕ್ಕೂ ಮುಂಚೆ ಸರ್ಕಾರ ಶಿಕ್ಷೆ ಕಮ್ಮಿ ಮಾಡಿ ಬಿಡಂಗಿಲ್ಲ ಅಂತ. ಅಂದ್ರೆ ಹದಿನಾಲ್ಕಕ್ಕೆ ಮನೆಗೆ ಕಳಿಸ್ತೀವಿ ಅಂತ ಯಾರೂ ಮಾತು ಕೊಟ್ಟಿಲ್ಲ, ಕೇಳೋ ಅರ್ಹತೆ ಅವತ್ತು ಬರತ್ತೆ ಅಷ್ಟೇ. ಇದು ನಮಗೆ ಅರ್ಥ ಆಗೋಷ್ಟರಲ್ಲಿ ಹದಿನಾಲ್ಕು ಮುಗಿದಿತ್ತು.

ಮುಗಿದಿತ್ತು ಅಂದ್ನಲ್ಲ, ಅದೂ ಸರಿಯಿಲ್ಲ. ಕೇಸು ನಡೀವಾಗ ಒಳಗಿದ್ದ ಎರಡು ವರ್ಷ ಲೆಕ್ಕಕ್ಕೆ ಬರತ್ತೆ, ಆದ್ರೆ ಪೆರೋಲ್ ಮೇಲೆ, ಅಂದ್ರೆ ಜೈಲಿಂದ ರಜೆ ತಗೊಂಡು, ಹೊರಗಿದ್ದ ದಿನ ಬರಲ್ಲ. ಮಾವ ಅಜ್ಜಿ ತೀರ್ಕೊಂಡಾಗ ಬಂದಿದ್ರು, ಮನೆ ಸೂರು ಕುಸಿದಾಗ ಬಂದಿದ್ರು, ನನ್ನ ಮದುವೆಗೆ ಬಂದಿದ್ರು, ಇನ್ನೂ ಒಂದೆರಡು ಸಲ. ಎಲ್ಲಾ ಕೂಡಿಸಿದ್ರೆ ಹತ್ರತ್ರ ಏಳು ತಿಂಗಳು. ಹದಿನಾಲ್ಕು ವರ್ಷದ ಮೇಲೆ ಆ ಏಳು ತಿಂಗಳೂ ಒಳಗಿರಬೇಕು ಅಂತ ಜೈಲಿನ ಆಫೀಸಲ್ಲಿ ಹೇಳಿದಾಗ ಅಮ್ಮ ನನ್ನ ಮುಖ ನೋಡಿದ್ಳು. ಆಗ ಇದು ಯಾರೋ ಬೇಕಂತ ಹೇಳ್ತಿದಾರೆ ಅಂದ್ಕೊಂಡೆ. ಆಮೇಲೆ 2023ರ ಜನವರೀಲಿ ಗೋವಾದ ಕೈದಿಗಳ ಕೇಸಲ್ಲಿ ಸುಪ್ರೀಂ ಕೋರ್ಟೇ ಇದನ್ನ ಎತ್ತಿ ಹಿಡೀತು, ಇಲ್ದಿದ್ರೆ ಪ್ರಭಾವ ಇರೋರು ಪೆರೋಲಲ್ಲೇ ಶಿಕ್ಷೆ ಮುಗಿಸ್ಕೊಂಡು ಬಿಡ್ತಾರೆ ಅನ್ನೋದು ಅವರ ಕಾರಣ. ಕಾರಣ ನಂಗೆ ಒಪ್ಪಿಗೆ. ಆದ್ರೆ ಪೆರೋಲ್ ಕೊಡುವಾಗಲೇ ಈ ದಿನ ಲೆಕ್ಕಕ್ಕಿಲ್ಲ ಅಂತ ಒಂದು ಚೀಟೀಲಿ ಬರೆದು ಕೈಗೆ ಕೊಟ್ರೆ ಯಾರಿಗೂ ನಷ್ಟ ಇಲ್ಲವಲ್ಲ. ಹೊರಗಿರೋ ಮನೆಯೋರು ಒಂದೊಂದು ದಿನಾನೂ ಗೋಡೆ ಮೇಲೆ ಗೀಟು ಹಾಕಿದಂಗೆ ಎಣಿಸ್ತಾ ಇರ್ತಾರೆ.

ನಿಜವಾದ ಕಷ್ಟ ಶುರುವಾಗಿದ್ದು ಅರ್ಜಿ ಹಾಕಿದ ಮೇಲೆ. 2020ರ ಕೊನೇಲಿ, ಕೊರೊನಾ ಗಲಾಟೆ ನಡುವೆ. ಒಬ್ಬ ಕೈದೀನ ಅವಧಿಪೂರ್ವ ಬಿಡುಗಡೆ ಮಾಡ್ಬೇಕು ಅಂದ್ರೆ ಜೈಲಿನ ಸೂಪರಿಂಟೆಂಡೆಂಟ್ ನಡತೆ ವರದಿ ಬರೀಬೇಕು, ಊರಿನ ಪೊಲೀಸ್ ಕಡೆಯಿಂದ ಒಂದು ವರದಿ, ಪ್ರೊಬೇಷನ್ ಅಧಿಕಾರಿ ಮನೆಗೆ ಬಂದು ನೋಡ್ಕೊಂಡು ಹೋಗೋ ವರದಿ ಇನ್ನೊಂದು, ಶಿಕ್ಷೆ ಕೊಟ್ಟ ಕೋರ್ಟಿನ ಜಡ್ಜ್ ಅಭಿಪ್ರಾಯ, ಇದೆಲ್ಲಾ ಒಂದು ಕಮಿಟಿ ಮುಂದೆ ಹೋಗಿ, ಅಲ್ಲಿಂದ ಒಳಾಡಳಿತ ಇಲಾಖೆ, ಸಚಿವ ಸಂಪುಟ, ಕೊನೇಗೆ ರಾಜ್ಯಪಾಲರ ಸಹಿ. ಒಂದೊಂದು ಮೆಟ್ಟಿಲಲ್ಲೂ ಫೈಲು ಮಲಗಬೋದು. ನಮ್ಮದು ಮೊದಲನೇ ಮೆಟ್ಟಿಲಲ್ಲೇ ಮಲಗ್ತು, ಅದೂ ಎಂಥಾ ಕಾರಣಕ್ಕೆ ಅಂದ್ರೆ, ಮಾವ ಒಳಗೆ ಹೋದಾಗ ನಮ್ಮೂರು ಇದ್ದಿದ್ದು ಕೋಲಾರ ಜಿಲ್ಲೇಲಿ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯ್ತು. ಮಾವನ ವಾರಂಟಲ್ಲಿ, ಜೈಲಿನ ರಿಜಿಸ್ಟರಲ್ಲಿ ಎಲ್ಲಾ ಕಡೆ ಹಳೇ ಜಿಲ್ಲೆ ಹೆಸರೇ. ವರದಿ ಕೇಳಿ ಹೋದ ಪತ್ರ ಇನ್ನೆಲ್ಲೋ ಒಂದು ಕಚೇರಿಗೆ ಹೋಯ್ತು, ಅವರು ಇದು ನಮಗೆ ಸೇರಿದ್ದಲ್ಲ ಅಂತ ಬರೆದು ವಾಪಸ್ ಕಳಿಸೋಕೇ ತಿಂಗಳುಗಟ್ಟಲೆ ತಗೊಂಡ್ರು, ಎರಡನೇ ಸಲಾನೂ ಅದೇ ವಿಳಾಸಕ್ಕೇ ಹೋಯ್ತು. ಜಿಲ್ಲೆ ಹುಟ್ಟಿ ಹದಿಮೂರು ವರ್ಷ ಆಗಿತ್ತು ಆಗ.

ಇದೆಲ್ಲಾ ನಂಗೆ ಗೊತ್ತಾಗಿದ್ದು ಮಾಹಿತಿ ಹಕ್ಕಿನ ಅರ್ಜಿಯಿಂದ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು, ಫೈಲು ಈಗ ಯಾವ ಟೇಬಲ್ ಮೇಲಿದೆ, ಯಾವ ತಾರೀಕಿಂದ ಇದೆ, ಅಷ್ಟೇ ಕೇಳಿ. ಯಾಕೆ ಬಿಡಲ್ಲ ಅಂತ ಕೇಳ್ಬೇಡಿ, ಎಲ್ಲಿದೆ ಅಂತ ಕೇಳಿ. ಬಂದೋರಿಗೆಲ್ಲಾ ನಾನು ಮೊದಲು ಹೇಳೋದು ಇದನ್ನೇ. ಮೂವತ್ತು ದಿನದೊಳಗೆ ಉತ್ತರ ಕೊಡ್ಬೇಕು ಅಂತ ಕಾನೂನಿದೆ, ನಂಗೆ ಮೊದಲನೇ ಮೇಲ್ಮನವಿ ಹಾಕಿದ ಮೇಲೆ ಬಂತು. ಆ ಉತ್ತರದ ಜೊತೆ ಪೊಲೀಸ್ ವರದಿ ಜೆರಾಕ್ಸೂ ಬಂತು. ಒಂದೇ ಸಾಲು. ಸದರಿ ಕೈದಿಯನ್ನು ಬಿಡುಗಡೆ ಮಾಡಿದಲ್ಲಿ ಗ್ರಾಮದಲ್ಲಿ ಶಾಂತಿಭಂಗ ಉಂಟಾಗುವ ಸಾಧ್ಯತೆ ಇರುತ್ತದೆ. ನಮ್ಮೂರಿಗೆ ಬಂದು ಯಾರನ್ನಾದ್ರೂ ಕೇಳಿದ್ರಾ ಅಂದ್ರೆ ಯಾರನ್ನೂ ಕೇಳಿರ್ಲಿಲ್ಲ. ಆ ಒಂದು ಸಾಲಿನ ಮೇಲೆ 2021ರಲ್ಲಿ ಮಾವನ ಹೆಸರು ಮುಂದೂಡಿದ್ರು.

ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲೇ ಲಕ್ಷ್ಮಣ್ ನಸ್ಕರ್ ಅನ್ನೋರ ಕೇಸಲ್ಲಿ ಏನೇನು ನೋಡ್ಬೇಕು ಅಂತ ಹೇಳಿದೆ. ಆ ಅಪರಾಧ ಒಬ್ಬೊಬ್ಬರ ನಡುವೆ ಆಗಿದ್ದಾ ಇಡೀ ಸಮಾಜಕ್ಕೆ ತಟ್ಟಿದ್ದಾ, ಮತ್ತೆ ಅಂಥದ್ದೇ ಮಾಡೋ ಸಂಭವ ಇದೆಯಾ, ಮಾಡೋ ಶಕ್ತಿ ಉಳ್ಕೊಂಡಿದೆಯಾ, ಇನ್ನೂ ಒಳಗಿಟ್ಟು ಆಗ್ಬೇಕಾದ್ದು ಏನಾದ್ರೂ ಇದೆಯಾ, ಮನೆಯೋರ ಸ್ಥಿತಿ ಹೆಂಗಿದೆ. ಐದೂ ಒಳ್ಳೇ ಪ್ರಶ್ನೆಗಳು, ಯಾರೇ ನ್ಯಾಯವಾಗಿ ಯೋಚನೆ ಮಾಡಿದ್ರೂ ಇವನ್ನೇ ಕೇಳೋದು. ನಾನು ಅವನ್ನ ಒಂದು ಹಾಳೇಲಿ ಟೈಪ್ ಮಾಡಿ, ಎದುರಿಗೆ ಮಾವನ ಕಡೆ ಉತ್ತರ ಟೈಪ್ ಮಾಡಿ, ಆ ಒಂದು ಸಾಲಿನ ವರದೀನ ಪಕ್ಕಕ್ಕಿಟ್ಟು, ಇದರಲ್ಲಿ ಒಂದಕ್ಕಾದ್ರೂ ಉತ್ತರ ಇದೆಯಾ ನೀವೇ ನೋಡಿ ಅಂತ ಬರೆದು ಕಳಿಸ್ದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಒಬ್ಬ ವಕೀಲರು ಸಿಕ್ಕಿದ್ರು, ದುಡ್ಡು ತಗೊಳ್ಳಿಲ್ಲ, ಜೈಲಲ್ಲಿರೋ ಯಾರಿಗಾದ್ರೂ ಉಚಿತ ವಕೀಲರನ್ನ ಕೊಡ್ಬೇಕು ಅಂತ 1987ರ ಕಾಯ್ದೇಲೇ ಇದೆ. ಅವರು ಆ ಹಾಳೆ ನೋಡಿ, ಇಷ್ಟು ಸಾಕಮ್ಮ ಅಂದ್ರು.

ಕೊನೇ ಮೂರ್ನಾಲ್ಕು ವರ್ಷ ಮಾವ ಇದ್ದಿದ್ದು ಕೋರಮಂಗಲದ ಬಯಲು ಬಂದೀಖಾನೆಯಲ್ಲಿ. ಬೆಂಗಳೂರಿನ ಕೋರಮಂಗಲ ಅಲ್ಲ, ದೇವನಹಳ್ಳಿ ತಾಲ್ಲೂಕಿಂದು. ನಡತೆ ಚೆನ್ನಾಗಿರೋರನ್ನ ಅಲ್ಲಿಗೆ ಕಳಿಸ್ತಾರೆ, ಹೊಲದಲ್ಲಿ ಕೆಲಸ, ಬೆಳಿಗ್ಗೆ ಎದ್ರೆ ಆಕಾಶ ಕಾಣತ್ತೆ. ಅಲ್ಲಿಗೆ ಹೋದ ಮೊದಲ ಸಂದರ್ಶನದಲ್ಲಿ ಮಾವ ಅಮ್ಮಂಗೆ ಹೇಳಿದ ಮೊದಲನೇ ಮಾತು, "ಅಕ್ಕಾ, ಮಣ್ಣು ಮುಟ್ಟಿದೆ ಕಣಕ್ಕಾ." ನಮಗೂ ಬಸ್ಸಲ್ಲಿ ಅರ್ಧ ದಿನದಲ್ಲಿ ಹೋಗಿ ಬರೋಷ್ಟು ಹತ್ರ ಆಯ್ತು. ಮಣ್ಣು ಹಿಡಿದು ದುಡಿದೋರಿಗೆ, ನಮ್ಮ ಕಡೆಯೋರು ಮುಕ್ಕಾಲುಪಾಲು ಅಂಥೋರೇ, ಇದಕ್ಕಿಂತ ಒಳ್ಳೇ ಜೈಲು ಇಲ್ಲ ಅಂತ ನಂಗನ್ಸತ್ತೆ. ಆದ್ರೆ ಇಡೀ ಕರ್ನಾಟಕಕ್ಕೆ ಇರೋದು ಅದೊಂದೇ, ಅದೂ ಸಣ್ಣದು. ಕೂಲಿ ವಿಚಾರದಲ್ಲಿ ನಮ್ಮ ರಾಜ್ಯ ಒಳ್ಳೇ ಕೆಲಸ ಮಾಡಿದೆ, ಕೆಲ ವರ್ಷದ ಹಿಂದೆ ಏರಿಸಿ ಹೊಸದಾಗಿ ಕೆಲಸ ಕಲಿಯೋರಿಗೇ ದಿನಕ್ಕೆ 524 ರೂಪಾಯಿ ಮಾಡಿದ್ರು. ಮಾವ ಆ ದುಡ್ಡು ಕೂಡಿಟ್ಟು ಮಗನ ಡಿಪ್ಲೊಮಾ ಫೀಸು ಕಟ್ಟಿದ್ರು. ಮಗ ಎರಡು ವರ್ಷದವನಿದ್ದಾಗ ಬಿಟ್ಟು ಹೋದೋರು, ಫೀಸು ಕಟ್ಟಿದ ರಸೀದಿಯಲ್ಲಾದ್ರೂ ಅಪ್ಪ ಅಂತ ಇದ್ರಲ್ಲ.

2023ರ ಡಿಸೆಂಬರಲ್ಲಿ ಮಾವ ಹೊರಗೆ ಬಂದ್ರು. ಹದಿನೇಳು ವರ್ಷ ಹನ್ನೊಂದು ತಿಂಗಳು. ಹದಿನಾಲ್ಕೂ ಏಳು ತಿಂಗಳಿಗೆ ಅರ್ಹತೆ ಬಂದಿತ್ತು ಅನ್ನೋದನ್ನ ಇದರಲ್ಲಿ ಕಳೀರಿ, ಮೂರು ವರ್ಷದ ಮೇಲೆ ಉಳಿಯತ್ತೆ. ಅದು ಮಾವ ಮಾಡಿದ ತಪ್ಪಿಗಲ್ಲ, ಒಂದು ಜಿಲ್ಲೆ ಹೆಸರಿಗೆ ಮತ್ತೆ ಒಂದು ಸಾಲಿಗೆ. ಬಂದ ಮೇಲಿನದ್ದು ಹೇಳ್ತಾ ಹೋದ್ರೆ ಬೇರೇನೇ ಪೋಸ್ಟ್ ಆಗತ್ತೆ. ಓಟರ್ ಲಿಸ್ಟಲ್ಲಿ ಹೆಸರಿಲ್ಲ, ರೇಷನ್ ಕಾರ್ಡಲ್ಲಿಲ್ಲ, ಬ್ಯಾಂಕಿನೋರು ಓಟಿಪಿ ಕೇಳಿದ್ರೆ ಫೋನಿಲ್ಲ. ಮೊದಲ ಸಲ ಗೂಡು ತಗೊಂಡು ಶಿಡ್ಲಘಟ್ಟ ಮಾರ್ಕೆಟ್‌ಗೆ ಹೋದಾಗ ಹರಾಜು ಎಲ್ಲಿ ಅಂತ ಕೇಳಿದ್ರಂತೆ, ಗೂಡು ಕೊಂಡು ನೂಲು ತೆಗೆಯೋ ರೀಲರುಗಳೆಲ್ಲಾ ಮೊಬೈಲಲ್ಲೇ ಹರಾಜು ಕೂಗ್ತಾ ಸುಮ್ನೆ ನಿಂತಿದ್ರಂತೆ, ದುಡ್ಡು ಖಾತೆಗೆ ಬಿದ್ದಿದೆ ಅಂದ್ರೂ ನಂಬದೆ ಸಂಜೆವರೆಗೂ ಅಲ್ಲೇ ಕೂತಿದ್ರಂತೆ. ಹುಳ ಗೂಡು ಕಟ್ಟೋ ಬಿದಿರಿನ ಚಂದ್ರಿಕೆ ಹೋಗಿ ಪ್ಲಾಸ್ಟಿಕ್ಕಿಂದು ಬಂದಿದೆ. ಆದ್ರೆ ನಾಲ್ಕನೇ ಜ್ವರ, ಅಂದ್ರೆ ಪೊರೆ ಬಿಡೋ ನಿದ್ದೆ, ಮುಗಿಸಿ ಎದ್ದ ಹುಳ ಸೊಪ್ಪು ತಿನ್ನೋ ಸದ್ದು ಮಾತ್ರ ಹಂಗೇ ಇದೆ, ಹಂಚಿನ ಮೇಲೆ ಮಳೆ ಬಿದ್ದಂಗೆ. ಮೊದಲನೇ ಬೆಳೆಯ ಹೊತ್ತಿಗೆ ಮಾವ ಹುಳದ ಮನೇಲೇ ಚಾಪೆ ಹಾಕ್ಕೊಂಡು ಮಲಗ್ತಿದ್ರು.

ಇದನ್ನ ಬರೀವಾಗ ಆ ಇನ್ನೊಂದು ಮನೆ ಬಗ್ಗೆ ಬರೀದೇ ಇದ್ರೆ ನಂಗೆ ನಿದ್ದೆ ಬರಲ್ಲ. ತೀರ್ಕೊಂಡೋರ ಹೆಂಡತಿ ಅದೇ ಊರಲ್ಲೇ ಇದಾರೆ, ಅದೇ ಹೊಲ ಮಾಡ್ಕೊಂಡು. ಅರ್ಜಿ ಹಾಕೋ ಮುಂಚೆ ಅಮ್ಮ, ಹೋಗಿ ಒಂದು ಮಾತು ಹೇಳ್ಬೇಕು ಅಂದ್ಳು. ನಾನು ಬೇಡ ಅಂದೆ, ಹೆದ್ರಿಕೆ ಆಯ್ತು. ಅಮ್ಮ ಹೋದ್ಳು, ನಾನೂ ಹಿಂದೆ ಹೋದೆ. ಅವರು ಹಿಪ್ಪುನೇರಳೆ ಸೊಪ್ಪು ಕತ್ತರಿಸ್ತಾ ಇದ್ರು, ಎದ್ದೇಳಲಿಲ್ಲ, ಕೂತ್ಕೊಳ್ಳಿ ಅಂತಾನೂ ಅನ್ನಲಿಲ್ಲ. ಅಮ್ಮ ನಿಂತೇ ಹೇಳಿದ್ಳು. ತುಂಬಾ ಹೊತ್ತು ಸೊಪ್ಪು ಕತ್ತರಿಸ್ತಾನೇ ಇದ್ರು, ಆಮೇಲೆ, "ಸರ್ಕಾರ ಬಿಟ್ರೆ ನಾನೇನು ಹಿಡ್ಕೊಳ್ಳಕಾಗತ್ತಾ. ಬಂದ್ರೆ ನನ್ನ ಹೊಲದ ಪಕ್ಕದ ಹಾದೀಲಿ ಓಡಾಡ್ಬಾರ್ದು. ಆ ಕಾಲ್ ಸಪ್ಪಳ ನನ್ನ ಕಿವಿಗೆ ಬೀಳ್ಬಾರ್ದು. ಅಷ್ಟೇ" ಅಂದ್ರು. ಅಷ್ಟೇ ಕೇಳಿದ್ದು ಅವರು. ಹದಿನೆಂಟು ವರ್ಷದಲ್ಲಿ ಅವರಿಗೆ ಯಾರೂ ಏನೂ ಕೊಟ್ಟಿರ್ಲಿಲ್ಲ, ಯಾರೂ ಏನೂ ಕೇಳಿರ್ಲಿಲ್ಲ. ಪೊಲೀಸ್ ವರದೀಲಿ ಶಾಂತಿಭಂಗ ಅಂತ ಬರೆದೋರೂ ಅವರನ್ನ ಕೇಳಿರ್ಲಿಲ್ಲ. ಬಿಡುಗಡೆ ದಿನ ಗೊತ್ತಾದ ಕೂಡ್ಲೇ ಅಮ್ಮಾನೇ ಹೋಗಿ ತಿಳಿಸಿದ್ದು, ಸರ್ಕಾರದ ಕಡೆಯಿಂದ ಒಂದು ಕಾಗದ ಅವರಿಗೆ ಹೋಗ್ಲಿಲ್ಲ. ಇದು ಸರಿಯಲ್ಲ. ಕೈದಿ ಮನೆಯವಳಾಗಿ ಹೇಳ್ತಿದೀನಿ, ಸರಿಯಲ್ಲ.

ಬಿಡುಗಡೆ ಅಂದ ತಕ್ಷಣ ಜನ ನನ್ನ ಹತ್ರ ಬಿಲ್ಕಿಸ್ ಬಾನೊ ಕೇಸು ಎತ್ತಾರೆ, 2002ರ ಗುಜರಾತ್ ಗಲಭೆಯ ಸಾಮೂಹಿಕ ಅತ್ಯಾಚಾರ, ಕೊಲೆ ಕೇಸು ಅದು. 2022ರ ಆಗಸ್ಟ್ 15ಕ್ಕೆ ಗುಜರಾತಲ್ಲಿ ಹನ್ನೊಂದು ಜನರನ್ನ ಬಿಟ್ರಲ್ಲ, ಅದೂ ಇದೇ ಕಾನೂನಿನ ಕೆಳಗೇನೇ. 2024ರ ಜನವರಿ 8ಕ್ಕೆ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿ ಅವರನ್ನೆಲ್ಲಾ ವಾಪಸ್ ಜೈಲಿಗೆ ಕಳಿಸ್ತು, ವಿಚಾರಣೆ ನಡೆದಿದ್ದು ಮಹಾರಾಷ್ಟ್ರದಲ್ಲಿ, ತೀರ್ಮಾನ ಮಾಡೋ ಅಧಿಕಾರಾನೇ ಗುಜರಾತಿಗೆ ಇರ್ಲಿಲ್ಲ ಅಂತ. ಆ ತೀರ್ಪು ಬಂದಾಗ ಮಾವ ಹೊರಗೆ ಬಂದು ತಿಂಗಳೂ ಆಗಿರ್ಲಿಲ್ಲ, ಟೀವೀಲಿ ನೋಡಿ ಎದ್ದು ಹೊರಗೆ ಹೋಗ್ಬಿಟ್ರು, ತನ್ನನ್ನೂ ಕರ್ಕೊಂಡು ಹೋಗ್ತಾರೆ ಅಂದ್ಕೊಂಡಿದ್ರು. ನಾನು ಹೇಳೋದು ಇಷ್ಟೇ, ಆ ಕಾನೂನು ಕೆಟ್ಟದ್ದಲ್ಲ. ಯಾರ ಫೈಲು ಓಡತ್ತೆ ಯಾರದ್ದು ಮಲಗತ್ತೆ ಅನ್ನೋದು ಹೊರಗೆ ಓಡಾಡೋರ ಬಲದ ಮೇಲೆ ನಿಂತಿರೋದು ಕೆಟ್ಟದ್ದು. ಮಾವಂಗೆ ಅಕ್ಕ ಇದ್ಳು, ಅಕ್ಕನ ಮಗಳಿಗೆ ಟೈಪಿಂಗ್ ಬರ್ತಿತ್ತು. ಅವರ ಬ್ಯಾರಕ್ಕಲ್ಲೇ ಪಾವಗಡ ಕಡೆ ಒಬ್ಬ ತಾತ ಇದ್ರಂತೆ, ಮಾವನಿಗಿಂತ ಮುಂಚೆ ಬಂದೋರು, ನೋಡೋಕೆ ಬರೋರು ಯಾರೂ ಇಲ್ಲ. ಮಾವ ಹೊರಗೆ ಬರೋವಾಗ ಅವರು ಇನ್ನೂ ಅಲ್ಲೇ ಇದ್ರು. ಮಾವ ಅವರ ಹೆಸರು, ಕೈದಿ ನಂಬರು ಎರಡನ್ನೂ ಅಂಗೈ ಮೇಲೆ ಬರ್ಕೊಂಡು ಬಂದಿದ್ರು. ನಾನು ಟೈಪ್ ಮಾಡಿದ ಎರಡನೇ ಅರ್ಜಿ ಅವರದ್ದು.

2025ರ ಫೆಬ್ರವರಿ 18ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಡ್ತು, ಇದನ್ನ ಇಂಥಾ ಮನೆಯೋರೆಲ್ಲಾ ತಿಳ್ಕೊಂಡಿರ್ಬೇಕು. ಬಿಡುಗಡೆ ನೀತಿ ಇರೋ ರಾಜ್ಯಗಳಲ್ಲಿ ಅರ್ಹತೆ ಬಂದ ಪ್ರತಿಯೊಬ್ಬ ಕೈದಿ ಕೇಸನ್ನೂ ಸರ್ಕಾರ ತಾನಾಗೇ ನೋಡ್ಬೇಕು, ಕೈದಿಯಾಗ್ಲೀ ಮನೆಯೋರಾಗ್ಲೀ ಅರ್ಜಿ ಹಾಕ್ಲಿ ಅಂತ ಕಾಯಂಗಿಲ್ಲ. ಇಲ್ಲ ಅನ್ನೋದಾದ್ರೆ ಯಾಕೆ ಇಲ್ಲ ಅಂತ ಕಾರಣ ಬರೀಬೇಕು, ಅದನ್ನ ಕೈದಿಗೆ ತಿಳಿಸ್ಬೇಕು, ಅದನ್ನ ಪ್ರಶ್ನೆ ಮಾಡೋ ಹಕ್ಕಿದೆ ಅಂತಾನೂ ಹೇಳ್ಬೇಕು, ಒಂದು ಪ್ರತಿ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗ್ಬೇಕು. ಓದಿದ ದಿನ ಅಂಗಡೀಲಿ ಒಬ್ಳೇ ಕೂತು ಅತ್ತುಬಿಟ್ಟೆ. ಐದು ವರ್ಷ ಮುಂಚೆ ಬಂದಿದ್ರೆ ಅನ್ನಿಸ್ತು. ಅದನ್ನ ಪ್ರಿಂಟ್ ಹಾಕಿ ಇಟ್ಕೊಂಡಿದೀನಿ, ಪ್ರತಿ ಅರ್ಜಿ ಜೊತೆ ಒಂದು ಸೆಟ್ಟು ಸೇರಿಸ್ತೀನಿ. ಅಂದಹಾಗೆ 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆ ಜಾಗಕ್ಕೆ ಹೊಸ ಸಂಹಿತೆ ಬಂದಿದೆ, ಸರ್ಕಾರ ಶಿಕ್ಷೆ ಮಾಫಿ ಮಾಡೋ ಹಳೇ ಕಲಂ 432 ಈಗ 473 ಆಗಿದೆ, 433ಎ ಈಗ 475. ಹಳೇ ಮಾದರಿ ಅರ್ಜಿ ಇಟ್ಕೊಂಡಿರೋರು ನಂಬರ್ ನೋಡ್ಕೊಳ್ಳಿ. ಫೋನಲ್ಲಿ ಕೇಳ್ಬೇಕು ಅಂದ್ರೆ 15100, ಕಾನೂನು ನೆರವಿನ ನಂಬರು.

ಮೊನ್ನೆ ಬಂದ ಆ ಅಮ್ಮನ ಕವರಲ್ಲಿ ತೀರ್ಪಿನ ಪ್ರತಿ ಇತ್ತು, ಪೆರೋಲ್ ಆರ್ಡರುಗಳು ನಾಲ್ಕು ಇದ್ವು, ಒಂದು ಕಳೆದುಹೋಗಿತ್ತು. ಮಾವಂಗೆ ಫೋನ್ ಮಾಡ್ದೆ. ಗೂಡು ಬಿಡಿಸೋ ದಿನ, ಆದ್ರೂ ಬಂದ್ರು. ಊರ ಬಸ್ ಸ್ಟಾಪಿಗೆ ಹತ್ತಿರದ ದಾರಿ ಆ ಹೊಲದ ಪಕ್ಕದ್ದೇ, ಮಾವ ಇವತ್ತಿನವರೆಗೂ ಅದರಲ್ಲಿ ಕಾಲಿಟ್ಟಿಲ್ಲ, ಕೆರೆ ಏರಿ ಮೇಲೆ ಸುತ್ತು ಹಾಕ್ಕೊಂಡು ಬರ್ತಾರೆ, ಮಳೆ ಬಂದ್ರೂ. ಬಂದು ಆ ಅಮ್ಮನ ಎದುರಿಗೆ ಸ್ಟೂಲ್ ಮೇಲೆ ಕೂತು, ಯಾವ ತಾರೀಕು ಹೋದ್ರು, ಯಾವ ತಾರೀಕು ವಾಪಸ್ ಗೇಟಿಗೆ ಬಂದ್ರು, ಒಂದೊಂದೇ ಕೇಳಿ ಬೆರಳಲ್ಲಿ ಎಣಿಸ್ತಾ ಹೋದ್ರು. ಕಳೆದುಹೋದ ಪೆರೋಲಿಂದು ಆ ಹುಡುಗಿಗೇ ನೆನಪಿತ್ತು, ಆರನೇ ಕ್ಲಾಸಿನ ದಸರಾ ರಜೆ, ಅಪ್ಪ ಬಂದಿದ್ದಕ್ಕೆ ಸ್ಕೂಲು ಶುರುವಾದ್ಮೇಲೂ ಎರಡು ದಿನ ಹೋಗಿರ್ಲಿಲ್ಲ ಅಂದ್ಳು. ಲೆಕ್ಕ ಹಾಕಿದ್ರೆ ಹೋದ ಯುಗಾದಿಗೇ ಹದಿನಾಲ್ಕು ತುಂಬಿತ್ತು. ಅವರಿಗೆ ಯಾರೂ ಹೇಳಿರ್ಲಿಲ್ಲ.

ಸೂಪರಿಂಟೆಂಡೆಂಟ್‌ಗೆ ಒಂದು, ಪ್ರಾಧಿಕಾರಕ್ಕೆ ಒಂದು ಪ್ರತಿ ಟೈಪ್ ಮಾಡಿದೆ. ವಿಳಾಸದ ಜಾಗದಲ್ಲಿ ಜಿಲ್ಲೆ ಹೆಸರನ್ನ ದಪ್ಪಕ್ಷರದಲ್ಲಿ ಹಾಕಿದೆ, ಮಾವ ಪಕ್ಕದಲ್ಲಿ ನಿಂತು ಅದನ್ನ ಎರಡು ಸಲ ಓದಿದ್ರು. ಆ ಅಮ್ಮಂಗೆ ಐದೂವರೆ ಬಸ್ಸು ಇತ್ತು. ಸ್ಪೀಡ್ ಪೋಸ್ಟ್ ರಸೀದಿ ಕವರೊಳಗೆ ಹಾಕ್ಬೇಡಿ, ಪರ್ಸಲ್ಲಿಟ್ಕೊಳ್ಳಿ ಅಂತ ಹೇಳಿ ಕಳಿಸ್ದೆ.